ಸಿಡಿಯುವ ಚಿನ್ನ

“ಗುರುಗಳೇ, ಕಲಿತವನು ತನ್ನ ವಿದ್ಯೆಯ ಬಗ್ಗೆ ಹೆಮ್ಮೆಪಡಬಹುದೆ?” ಎಂದು ಶಿಷ್ಯ ಕೇಳಿದ.

“ಧಾರಾಳವಾಗಿ,” ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಪಾಳೆಯಪಟ್ಟಿನಲ್ಲಿ ಮೌನಾಚಾರಿ ಎಂಬ ಅಕ್ಕಸಾಲಿಗನಿದ್ದ. ಚಿನ್ನವನ್ನು ಆಮ್ಲದಲ್ಲಿ ಕರಗಿಸಿ ಶುದ್ಧ ಮಾಡುವುದು ಅವನ ಕೆಲಸ. ಒಮ್ಮೆ ಆ ದ್ರಾವಣಕ್ಕೆ ಹೊಸದೊಂದು ಕ್ಷಾರ ಬೆರೆಸಿ ನೋಡಿದ. ತಳದಲ್ಲಿ ಹಳದಿ ಪುಡಿ ಇಳಿಯಿತು. ಸ್ವಲ್ಪ ಒಣಗಿಸಿ ಚೂರಿಯಿಂದ ಕೆರೆದ. ಹತ್ತಿರ ಬೆಂಕಿ ಇರಲಿಲ್ಲ. ಆದರೂ ಪುಡಿ ಸಿಡಿಯಿತು. ಅವನ ಎಡಗೈಯ ಎರಡು ಬೆರಳು ಹೋದವು.

ಬೋಗುಣಿಯಲ್ಲಿ ಇನ್ನೂ ಒದ್ದೆ ಪುಡಿ ಉಳಿದಿತ್ತು. “ಹೊಳೆಗೆ ಚೆಲ್ಲಿಬಿಡಿ,” ಎಂದು ಹೆಂಡತಿ ಚೆನ್ನಾಜಮ್ಮ ಅತ್ತಳು.

“ಚಿನ್ನವನ್ನು ಹೀಗೆ ಮಾಡಿದವನು ನಾನು. ಮರಳಿ ಚಿನ್ನ ಮಾಡುವವನೂ ನಾನೇ,” ಎಂದ ಅವನು.

ಗಾಯ ಮಾಯುವ ಮೊದಲೇ ಕೆಲಸಕ್ಕೆ ಕೂತ. ಸಾಸಿವೆಯಷ್ಟು ಪುಡಿ ತೆಗೆದು, ಒಂದೊಂದು ವಸ್ತುವಿನ ಜೊತೆ ಬೆರೆಸಿ ಕಾಯಿಸಿದ. ಎಷ್ಟೋ ಸಲ ಸಿಡಿದು ಹಂಚು ಒಡೆಯಿತು. ಕೊನೆಗೆ ಗಂಧಕ ಬೆರೆಸಿ ಕಾಯಿಸಿದಾಗ ಪುಡಿ ಸಿಡಿಯಲಿಲ್ಲ, ಚಿನ್ನ ಉಳಿಯಿತು.

ಅಷ್ಟರಲ್ಲಿ ಸಿಡಿಯುವ ಚಿನ್ನದ ಸುದ್ದಿ ಪಾಳೆಯಗಾರನಿಗೆ ಮುಟ್ಟಿತ್ತು. ಶತ್ರುವಿನ ಕೋಟೆ ಬಾಗಿಲು ಒಡೆಯಲು ಅವನಿಗೆ ಅದು ಬೇಕಾಗಿತ್ತು. ಆಚಾರಿಯನ್ನು ಕರೆಸಿ, “ನಿನ್ನ ವಿದ್ಯೆ ಸಭೆಗೆ ತೋರಿಸು. ಪಲ್ಲಕ್ಕಿಯಲ್ಲಿ ಮೆರೆಸುತ್ತೇನೆ,” ಎಂದ.

ಮೌನಾಚಾರಿ ಉಳಿದ ಪುಡಿಯನ್ನೆಲ್ಲ ತಂದ. ಸಭೆ ಗೋಡೆಯವರೆಗೆ ಹಿಂದೆ ಸರಿಯಿತು. ಅವನು ಗಂಧಕ ಬೆರೆಸಿ, ಸಣ್ಣ ಉರಿಯ ಮೇಲಿಟ್ಟು, ಅಲ್ಲೇ ಕೂತ. ಸದ್ದಾಗಲಿಲ್ಲ. ಉಳಿದದ್ದನ್ನು ಮೂಸೆಯಲ್ಲಿ ಕರಗಿಸಿ, ಚಿನ್ನದ ಗುಂಡೊಂದನ್ನು ಪಾಳೆಯಗಾರನ ಮುಂದಿಟ್ಟ.

“ಹಾಳು ಮಾಡಿದೆಯಲ್ಲ,” ಎಂದ ಪಾಳೆಯಗಾರ.

“ಒಡೆಯರೇ, ವಿದ್ಯೆ ತೋರಿಸು ಎಂದಿರಿ. ನನ್ನ ವಿದ್ಯೆ ಇದು. ಈ ನಾಡಿನಲ್ಲಿ ಇನ್ನೊಬ್ಬನಿಗೆ ಬರುವುದಿಲ್ಲ.”

ಪಾಳೆಯಗಾರ ಮುಖ ತಿರುಗಿಸಿದ. ಪಲ್ಲಕ್ಕಿ ಬರಲಿಲ್ಲ. ಆಚಾರಿ ಕೈಮುಗಿದು, ಪೇಟೆಬೀದಿಯ ನಡುವೆ ತಲೆಯೆತ್ತಿ ನಡೆದು ಮನೆಗೆ ಹೋದ. ಬಾಗಿಲಲ್ಲಿ ಕಾದಿದ್ದ ಚೆನ್ನಾಜಮ್ಮನಿಗೆ, “ಒಂದು ಕಣವೂ ಸಿಡಿಯಲಿಲ್ಲ,” ಎಂದ.

ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಸಿಡಿಸಿ ತೋರಿಸಿದ್ದರೆ ಇನ್ನೂ ದೊಡ್ಡ ಹೆಸರು ಬರುತ್ತಿತ್ತಲ್ಲವೆ?” ಎಂದ.

“ಸಿಡಿಯುವುದು ಪುಡಿಗೇ ಬರುತ್ತಿತ್ತು, ಮಗು, ಅದಕ್ಕೆ ಆಚಾರಿ ಬೇಕಿರಲಿಲ್ಲ.”