ಗೀಜಗನ ಯೋಜನಾ ವರದಿ

ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ನಿರ್ವಹಣಾಶಾಸ್ತ್ರವನ್ನೂ ಉದ್ಯಮಶೀಲತೆಯನ್ನೂ ಓದಿ ಚಿನ್ನದ ಪದಕ ಗೆದ್ದ ಗೀಜಗನೊಬ್ಬ ಬಾವಿಯ ದಂಡೆಯ ಜಾಲಿಮರಕ್ಕೆ ಮರಳಿದ. ಉಳಿದ ಗೀಜಗರು ಮಳೆಗೆ ಮುಂಚೆ ಗೂಡು ಮುಗಿಸಲು ಹೆಣಗುತ್ತಿದ್ದರು. ಅವರನ್ನು ಕಂಡು ಅವನಿಗೆ ಕನಿಕರವಾಯಿತು. ತಾನು ಮಾತ್ರ ಕೂತು ಗೂಡಿನ ಬಗ್ಗೆ ನಲವತ್ತು ಪುಟಗಳ ವರದಿ ಬರೆದ.

ವರನನ್ನು ನೋಡಲು ಬಂದ ಹೆಣ್ಣು ಗೀಜಗ ವರದಿಯನ್ನೆಲ್ಲ ತಾಳ್ಮೆಯಿಂದ ಕೇಳಿದಳು.

"ಎಲ್ಲಾ ಸರಿ ಸ್ವಾಮಿ, ಮೊಟ್ಟೆ ಎಲ್ಲಿಡಲಿ?"

"ಮೂರನೆಯ ಅಧ್ಯಾಯದಲ್ಲಿ ಅದಕ್ಕೆ ಜಾಗ ಗುರುತಿಸಿದ್ದೇನೆ."

ಅವಳು ಹಾರಿಹೋಗಿ, ಶಾಲೆಯ ಮೆಟ್ಟಿಲನ್ನೇ ಹತ್ತದ ನೆರೆಯವನ ಅರೆಬರೆ ಗೂಡಿನೊಳಗೆ ಕೂತಳು. ಪದವೀಧರ ನೆರೆಯವನ ಬಳಿ ಹೋಗಿ, "ಅಣ್ಣಾ, ನಿಮಗೊಬ್ಬ ಸಲಹೆಗಾರ ಬೇಕಲ್ಲವೇ?" ಎಂದ. ಕೊಕ್ಕಿನ ತುಂಬ ಹುಲ್ಲು ಕಚ್ಚಿದ್ದ ಅವನಿಗೆ ಉತ್ತರಿಸಲಾಗಲಿಲ್ಲ. ಅದನ್ನೇ ಒಪ್ಪಿಗೆಯೆಂದು ಬಗೆದ ಪದವೀಧರ ಅಲ್ಲೇ ಕೂತು ಸಲಹೆ ಕೊಡತೊಡಗಿದ.