ಮೊದಲ ಸೇರು

ಪೇಟೆಬೀದಿಯ ಒಂದು ಧಾನ್ಯದಂಗಡಿ, ಅದರ ಹಿಂದಿನ ಗೋದಾಮು, ಗೋದಾಮಿನ ತುಂಬ ಜೋಳ. ಬದಲಿಗೆ ಕೇಳಿದ್ದು ಹೊಳೆದಂಡೆಯ ಮಠದಲ್ಲಿ ಒಂದು ಚಾಪೆ, ಎರಡು ಹೊತ್ತು ಊಟ.

ಮಠದ ಬೇವಿನ ಕಟ್ಟೆಯ ಮೇಲೆ ಕೂತಿದ್ದ ಗುರುಗಳ ಮುಂದೆ ಮುರಿಗೆಪ್ಪ ಇಟ್ಟ ವ್ಯವಹಾರ ಇಷ್ಟೇ. ಅಂಗಡಿಯ ಬೀಗದ ಕೈಗೊಂಚಲನ್ನು ಅವರ ಪಾದದ ಹತ್ತಿರ ಇಟ್ಟು ಕೈಕಟ್ಟಿ ನಿಂತ.

ಗುರುಗಳು ಗೊಂಚಲನ್ನು ಮುಟ್ಟಲಿಲ್ಲ.

"ಇಷ್ಟು ಅಗ್ಗಕ್ಕೆ ಕೊಡುತ್ತಿದ್ದೀಯಲ್ಲ, ಮಾಲಿನಲ್ಲಿ ಏನಪ್ಪಾ ಐಬು? ಹುಳ ಬಿದ್ದಿದೆಯೋ?"

"ಮಾಲು ಚೊಕ್ಕ ಇದೆ ಬುದ್ಧಿ. ಐಬು ಇರೋದು ಜಗತ್ತಿನಲ್ಲಿ."

"ಯಾರು ಹೇಳಿದರು?"

"ನೀವು ಕೊಟ್ಟ ಪುಸ್ತಕ."

ಕೊಟ್ಟಿದ್ದು ನಿಜ. ಗುರುಗಳಿಗೆ ಊಟವಾದ ಮೇಲೆ ಎಲೆಯಡಿಕೆ ಬೇಡ, ಇಂಥದೊಂದು ಪುಸ್ತಕ ಬೇಕು. ಬ್ರಹ್ಮಾಂಡ ಹೇಗೆ ಹುಟ್ಟಿತು, ನಕ್ಷತ್ರದ ಹೊಟ್ಟೆಯಲ್ಲಿ ಏನು ಬೇಯುತ್ತದೆ, ಕಪ್ಪು ಕುಳಿಯ ಅಂಚಿನಲ್ಲಿ ಗಡಿಯಾರ ಯಾಕೆ ತೆವಳುತ್ತದೆ ಎಂದು ಬಲ್ಲವರು ನಮ್ಮಂಥವರಿಗಾಗಿ ಬರೆದ ಪುಸ್ತಕ. ಬೇವಿನ ಕಟ್ಟೆಯ ಮೇಲೆ ಕೂತು ಪುಟ ತಿರುವುತ್ತ ಒಬ್ಬರೇ ನಗುತ್ತಿದ್ದರು.

ಆ ನಗುವನ್ನು ಮುರಿಗೆಪ್ಪ ದೂರದಿಂದ ಎಷ್ಟೋ ಸಲ ನೋಡಿದ್ದ. ಗಿರಾಕಿ ಒಂದೇ ಅಂಗಡಿಗೆ ಮತ್ತೆ ಮತ್ತೆ ಹೋಗುತ್ತಾನೆಂದರೆ ಅಲ್ಲಿ ಸರಕು ಚೆನ್ನಾಗಿರಲೇಬೇಕು. ನನಗೂ ಒಂದು ಕೊಡಿ ಎಂದು ತಾನೇ ಕೇಳಿ ಒಯ್ದಿದ್ದ.

ಅಲ್ಲಿಂದ ಶುರುವಾಯಿತು. ತಕ್ಕಡಿ ಹಿಡಿದ ಕೈ ಅರ್ಧಕ್ಕೇ ನಿಲ್ಲುತ್ತಿತ್ತು. ಗಿರಾಕಿ "ಏನು ದರ ಸಾಹುಕಾರ್ರೇ?" ಅಂದರೆ "ಯಾವ ದರವಾದರೇನು" ಅನ್ನುತ್ತಿದ್ದ. ಧಾನ್ಯದ ವ್ಯಾಪಾರದಲ್ಲಿ ಇದಕ್ಕಿಂತ ಅಪಾಯದ ಮಾತಿಲ್ಲ. ಹಮಾಲರು ಮೆಲ್ಲಗೆ ಬೇರೆ ಅಂಗಡಿಗಳ ಕಡೆ ಕಣ್ಣು ಹಾಯಿಸತೊಡಗಿದ್ದರು. ಮುರಿಗೆಪ್ಪನಿಗೆ ಊಟ ಸೇರುತ್ತಿರಲಿಲ್ಲ.

"ಸೂರ್ಯನೇ ಒಂದು ದಿನ ಆರಿ ಹೋಗುತ್ತಾನಂತೆ" ಎಂದು ಹೆಂಡತಿ ದಾಕ್ಷಾಯಣಮ್ಮನ ಹತ್ತಿರ ಹೇಳಿಕೊಂಡಿದ್ದ.

"ಆರುವಾಗ ಆರಲಿ. ಒಲೆ ಮೇಲೆ ಹಾಲು ಉಕ್ಕುತ್ತಿದೆ, ಅದನ್ನ ಇಳಿಸಿ ಮೊದಲು" ಎಂದಿದ್ದಳು ಆಕೆ.

ಈಗ ಗುರುಗಳು ಕೇಳಿದರು: "ಪುಸ್ತಕದಲ್ಲಿ ಅಂಥದ್ದೇನಿತ್ತು?"

"ಎಲ್ಲ ಒಂದಕ್ಕೊಂದು ದೂರ ಓಡುತ್ತಿದೆಯಂತೆ ಬುದ್ಧಿ. ನಕ್ಷತ್ರಗಳೆಲ್ಲ ಒಂದೊಂದಾಗಿ ಆರುತ್ತವಂತೆ. ಕೊನೆಗೆ ಬರೀ ಕತ್ತಲು, ಬರೀ ತಣ್ಣಗೆ. ಅಷ್ಟೂ ಸೊನ್ನೆ. ಹಾಗಿದ್ದ ಮೇಲೆ ನಾನು ಜೋಳ ತೂಗಿದರೇನು, ಬಿಟ್ಟರೇನು?"

"ಅದೊಂದೇ ಚಿಂತೆಯೋ, ಇನ್ನೂ ಇದೆಯೋ?"

"ಇನ್ನೊಂದಿದೆ. ಇಂಥ ಜಗತ್ತುಗಳು ಲೆಕ್ಕಕ್ಕೆ ಸಿಗದಷ್ಟು ಇರಬಹುದು ಅಂತಾರೆ. ಒಂದೊಂದರಲ್ಲೂ ಒಬ್ಬ ಮುರಿಗೆಪ್ಪ. ಅಷ್ಟು ಜನ ಇರುವಾಗ ಈ ಒಬ್ಬನಿಗೆ ಏನು ಬೆಲೆ ಬುದ್ಧಿ? ಸರಕು ಜಾಸ್ತಿ ಬಂದರೆ ದರ ಬೀಳೋದು ನನಗೆ ಯಾರೂ ಕಲಿಸಬೇಕಾಗಿಲ್ಲ."

ಗುರುಗಳು ನಕ್ಕರು.

"ಯಾವುದೋ ಒಂದು ಜಗತ್ತಿನಲ್ಲಿ ನೀನು ಈ ಕಟ್ಟೆ ಮೇಲೆ ಕೂತಿದ್ದೀಯ. ನಾನು ನಿನ್ನ ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದೇನೆ."

"ಆ ಅಂಗಡಿ ಮುಳುಗಿರುತ್ತೆ ಬುದ್ಧಿ." ಬಾಯಿಂದ ಜಾರಿದ ಮೇಲೆ ಮುರಿಗೆಪ್ಪ ನಾಲಿಗೆ ಕಚ್ಚಿಕೊಂಡ.

"ಮುಳುಗಿರುತ್ತೆ, ಅದರಲ್ಲಿ ಅನುಮಾನವೇ ಇಲ್ಲ" ಎಂದರು ಗುರುಗಳು. "ಅದಿರಲಿ, ಪುಸ್ತಕವನ್ನು ಎಲ್ಲಿಂದ ಓದಿದೆ?"

"ಕೊನೆಯಿಂದ."

"ಯಾಕೆ?"

ಮುರಿಗೆಪ್ಪನಿಗೆ ಈ ಪ್ರಶ್ನೆಯೇ ವಿಚಿತ್ರವೆನಿಸಿತು. "ಲೆಕ್ಕ ನೋಡೋದು ಹಾಗೇ ಅಲ್ಲವೇ? ಮೊದಲು ಅಡಿಯಲ್ಲಿರುವ ಮೊತ್ತ. ಅದು ಸರಿಯಿದ್ದರೆ ತಾನೇ ಮೇಲಿನದು?"

"ಮೇಲಿನದನ್ನು ಓದಿದೆಯೋ?"

"ಮೊತ್ತವೇ ಸೊನ್ನೆ ಅಂತ ಕಂಡ ಮೇಲೆ ಇನ್ನೇನು ಓದಲಿ?"

ಗುರುಗಳು ಬಗ್ಗಿ ಕೈಗೊಂಚಲನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಆಯಿತು. ತಗೊಂಡೆ."

ಕೊಡಲೆಂದೇ ಬಂದವನು ಮುರಿಗೆಪ್ಪ. ಆದರೂ ಬೇಡ ಎನ್ನುತ್ತಾರೆ, ಬುದ್ಧಿ ಹೇಳುತ್ತಾರೆ, ಒಂದಿಷ್ಟು ಎಳೆದಾಟ ನಡೆಯುತ್ತದೆ ಎಂದುಕೊಂಡಿದ್ದ. ಕೇಳಿದ ದರಕ್ಕೆ ಎದುರಿನವನು ಥಟ್ಟನೆ ಒಪ್ಪಿಬಿಟ್ಟರೆ ಯಾವ ವ್ಯಾಪಾರಿಗೂ ಇನ್ನಷ್ಟು ಕೇಳಬೇಕಿತ್ತು ಅನಿಸುತ್ತದೆ.

"ಇನ್ನು ನೀನು ಮಠದವನು. ಊಟ ಬಿಟ್ಟಿ ಅಲ್ಲ" ಎಂದರು ಗುರುಗಳು. "ದಾಸೋಹಕ್ಕೆ ಭಕ್ತರು ಜೋಳ ತಂದು ಸುರಿದಿದ್ದಾರೆ. ಅಡುಗೆಯ ಹಾಲಮ್ಮ ಅಳೆಯುವವರಿಲ್ಲದೆ ಕಾಯುತ್ತಿದ್ದಾಳೆ. ಹೋಗು."

ಅಡುಗೆಮನೆಯ ಪಡಸಾಲೆಯಲ್ಲಿ ಜೋಳದ ರಾಶಿ ಬಿದ್ದಿತ್ತು. ಒಳಗೆ ಹಾಲಮ್ಮ ರೊಟ್ಟಿ ಬಡಿಯುತ್ತಿದ್ದಳು. ಮುರಿಗೆಪ್ಪ ಮಂಡಿಯೂರಿ ಕೂತು, ಸೇರನ್ನು ರಾಶಿಗೆ ಒತ್ತಿ, ತುಂಬಿ, ಅಂಗೈಯಿಂದ ಮೇಲೆ ಸವರಿ ಚೀಲಕ್ಕೆ ಸುರಿದ.

"ಲಾಭ" ಎಂದ.

"ನಿಲ್ಲಿಸು."

ಗುರುಗಳು ಅವನು ಮರಳಿಸಿದ್ದ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಏನಂದೆ?"

"ಲಾಭ ಅಂದೆ ಬುದ್ಧಿ."

ಅಳೆಯುವವರು ಮೊದಲ ಸೇರಿಗೆ ಒಂದು ಎನ್ನುವುದಿಲ್ಲ. ಲಾಭ ಎಂದು ಹೇಳಿ, ಮುಂದಿನದಕ್ಕೆ ಎರಡು ಎನ್ನುತ್ತಾರೆ. ಮುರಿಗೆಪ್ಪನ ಅಪ್ಪ ಹಾಗೆ ಅಳೆದಿದ್ದ, ಅವನ ಅಪ್ಪನೂ ಹಾಗೆಯೇ.

"ಎಲ್ಲಾ ಸೊನ್ನೆ ಅಂದವನು ಹಾಗೆ ಅಳೆಯಬಾರದು. ಚೀಲಕ್ಕೆ ಹಾಕಿದ್ದನ್ನು ರಾಶಿಗೆ ಮರಳಿ ಸುರಿದು, ಮತ್ತೆ ಅಳೆದು ಒಂದು ಅನ್ನು" ಎಂದರು ಗುರುಗಳು.

ಮುರಿಗೆಪ್ಪ ಚೀಲವನ್ನು ರಾಶಿಗೆ ಬೋರಲು ಹಾಕಿದ, ಸೇರನ್ನು ಮತ್ತೆ ತುಂಬಿದ, ಸವರಿದ, ಬಾಯಿ ತೆರೆದ. "ಒ..." ಎಂದ. ನಾಲಿಗೆ ಹೊರಳಲಿಲ್ಲ. ಇನ್ನೊಮ್ಮೆ ತೆರೆದ.

"ಲಾಭ" ಎಂದುಬಿಟ್ಟ.

ಒಳಗಿನಿಂದ ಹಾಲಮ್ಮ, "ಸಾಹುಕಾರ್ರ ಬಾಯಿಗೆ ಒಂದು ಅನ್ನೋದು ಬರಲ್ಲ ಬುದ್ಧಿ, ಬಿಡಿ ಅತ್ಲಾಗೆ. ಎಸರು ಕುದೀತಿದೆ ನಂದು!" ಎಂದು ಕೂಗಿದಳು.

ಗುರುಗಳು ಕೇಳಿದರು: "ಚೀಲ ಇನ್ನೂ ತುಂಬಿಲ್ಲ. ಜೋಳ ಮಾರಿಲ್ಲ. ದರ ಏನೆಂದು ಗೊತ್ತಿಲ್ಲ. ಆಗಲೇ ಲಾಭ ಬಂತು ಅಂತ ಹೇಗೆ ಹೇಳುತ್ತೀ?"

"ಖಾಲಿ ಚೀಲ ಬುದ್ಧಿ. ಏನೂ ಇಲ್ಲದ ಕಡೆ ಒಂದು ಸೇರು ಬಂದು ಬೀಳುತ್ತಲ್ಲ. ಮುಂದೆ ಮಾರುತ್ತೋ, ಮುಗ್ಗುತ್ತೋ, ಅದು ಆಮೇಲಿನ ಮಾತು. ಬಂದಿದ್ದು ಲಾಭವೇ."

"ಹೌದೇ?"

"ಹೌದು ಮತ್ತೆ! ನನ್ನಪ್ಪ ಹೇಳಿಕೊಟ್ಟಿದ್ದು." ವ್ಯಾಪಾರದ ಮಾತಿನಲ್ಲಿ ಅವನನ್ನು ಯಾರೂ ಅಲುಗಿಸಲಾರರು.

ಗುರುಗಳು ಪುಸ್ತಕದ ಮೊದಲ ಪುಟ ತೆಗೆದು ಅವನ ಮುಂದೆ ಹಿಡಿದರು. "ಓದು."

ಸೇರನ್ನು ಕೈಯಲ್ಲಿ ಹಿಡಿದುಕೊಂಡೇ ಮುರಿಗೆಪ್ಪ ಓದಿದ. ಮೊದಲು ಏನಿತ್ತೋ ಯಾರಿಗೂ ಗೊತ್ತಿಲ್ಲ ಎಂದಿತ್ತು. ಕಾಲವಾದರೂ ಇತ್ತೋ ಇಲ್ಲವೋ, ಅದೂ ಗೊತ್ತಿಲ್ಲ. ಆಮೇಲೆ ಸಾಸಿವೆಗಿಂತ ಸಣ್ಣದು, ಊಹೆಗೆ ಸಿಗದಷ್ಟು ಬಿಸಿಯಾದದ್ದು. ಈಗ ಕಣ್ಣಿಗೆ ಕಾಣುವ ಅಷ್ಟೂ ಅದರಲ್ಲೇ ಇತ್ತು. ನಕ್ಷತ್ರ, ಹೊಳೆ, ಜೋಳ, ತಕ್ಕಡಿ, ಎಲ್ಲ.

ಇನ್ನೊಮ್ಮೆ ಓದಿದ. ಅವನ ತುಟಿ ಅಲುಗಿತು. ಮೊದಲ ಸೇರು ಅಳೆಯುವಾಗ ಅಲುಗುವ ಹಾಗೆಯೇ ಅಲುಗಿತು.

ಇದ್ದಕ್ಕಿದ್ದಂತೆ ಮುರಿಗೆಪ್ಪ ನಕ್ಕ. ಗೋದಾಮಿನ ಚೀಲಗಳನ್ನೆಲ್ಲ ಬೆನ್ನಿನಿಂದ ಯಾರೋ ಇಳಿಸಿಕೊಂಡ ಹಾಗೆ ಅವನ ಹೆಗಲು ಸಡಿಲವಾಯಿತು. ಬೇವಿನ ಕಟ್ಟೆಯಿಂದ ಕೇಳಿಬರುತ್ತಿದ್ದ ಅದೇ ನಗು ಈಗ ಅವನ ಹೊಟ್ಟೆಯಿಂದ ಬರುತ್ತಿತ್ತು. ರೊಟ್ಟಿಯ ವಾಸನೆ ಮೂಗಿಗೆ ಬಡಿದು ಹಸಿವಾಯಿತು.

ನಗು ನಿಂತ ಮೇಲೆ ಕೇಳಿದ: "ಕೊನೆಗೆ ಕತ್ತಲಾಗೋದು ಸುಳ್ಳೇ ಬುದ್ಧಿ?"

"ಯಾಕೆ ಸುಳ್ಳಾಗಬೇಕು? ಇದ್ದೀತು."

ಮುರಿಗೆಪ್ಪ ತಲೆಯಾಡಿಸಿದ. ಅವನ ಕಣ್ಣು ಗುರುಗಳ ಸೊಂಟದ ಕೈಗೊಂಚಲಿನ ಮೇಲೆ ಹೋಗಿ ನಿಂತಿತು.

"ಬುದ್ಧಿ, ಅಂಗಡಿ..."

"ಅಂಗಡಿ ನನ್ನದು. ನಡೆಸಲು ಒಬ್ಬ ಆಳು ಬೇಕು. ನಿನಗೆ ಗೊತ್ತಿದ್ದವರು ಯಾರಾದರೂ ಇದ್ದಾರೆಯೇ?"

"ಒಬ್ಬ ಇದ್ದಾನೆ. ನಡುವೆ ಸ್ವಲ್ಪ ತಲೆ ಕೆಟ್ಟಿತ್ತು. ಈಗ ವಾಸಿ."

"ಕೂಲಿ ಏನು ಕೇಳುತ್ತಾನೆ?"

"ಆ ಪುಸ್ತಕ ಇನ್ನೊಂದು ಸಲ ಕೊಟ್ಟರೆ ಸಾಕಂತೆ. ಮೊದಲ ಪುಟದಿಂದ ಓದುತ್ತಾನಂತೆ."

ಗುರುಗಳು ಪುಸ್ತಕವನ್ನೂ ಕೈಗೊಂಚಲನ್ನೂ ಅವನ ಮಡಿಲಿಗೆ ಹಾಕಿದರು.

ಒಳಗಿನಿಂದ ಹಾಲಮ್ಮ ಮತ್ತೆ ಕೂಗಿದಳು. ಮುರಿಗೆಪ್ಪ ಗಡಿಬಿಡಿಯಲ್ಲಿ ಕೈಲಿದ್ದ ಸೇರನ್ನು ಚೀಲಕ್ಕೆ ಸುರಿದು, ಮತ್ತೆ ರಾಶಿಗೆ ಒತ್ತಿ, ತುಂಬಿ, ಸವರಿ, ತಡವರಿಸಿದ.

"ಎಲ್ಲಿಗೆ ನಿಲ್ಲಿಸಿದ್ದೆ ಬುದ್ಧಿ?"

"ಲಾಭ ಆಗಲೇ ಆಯಿತಲ್ಲಪ್ಪ" ಎಂದರು ಗುರುಗಳು. "ಎರಡು ಅನ್ನು."