ಬೆನ್ನ ಹಿಂದಿನ ಗೌಜಲುಗಳು

ಕಾರೆಗುಡ್ಡದ ಬುಡದಲ್ಲಿ ಒಂದು ಸಣ್ಣ ಕಾಡು. ನೆಲದ ಮೇಲೆ ಮೊಲ, ಇಲಿ, ಗೌಜಲಹಕ್ಕಿ. ಮರದ ಮೇಲೆ ಗಿಳಿ, ಪಾರಿವಾಳ, ಗೊರವಂಕ. ಎರಡೂ ಕಡೆ ಸರಿಸಮ. ನಡುವೆ ಅಳಿಲುಗಳು. ಅವು ಮಲಗುವುದು ಮರದಲ್ಲಿ, ತಿನ್ನುವುದು ನೆಲದಲ್ಲಿ. ತಾವು ಯಾರ ಕಡೆ ಎಂದು ಅವಕ್ಕೇ ಗೊತ್ತಿಲ್ಲ.

ಕಾಡಿಗೆ ಹಾವಿನ ಕಾಟ. ಹಾವು ಓಡಿಸುವುದೇ ಯಜಮಾನನ ಕೆಲಸ. ಅವನಿಗೆ ಕೂರಲು ಹಿಪ್ಪೆಮರದ ಕೆಳಗಿನ ತಂಪು ಬಂಡೆ. ವರ್ಷಕ್ಕೊಮ್ಮೆ ಚುನಾವಣೆ.

ನೆಲದವರ ಅಭ್ಯರ್ಥಿ ಮುಂಗುಸಿ ಕೆಂಚಣ್ಣ. ಮೊಟ್ಟೆ ಮುಟ್ಟುವುದಿಲ್ಲ ಎಂದು ಆಣೆ ಇಟ್ಟ ಮೇಲೇ ಅವನನ್ನು ನಿಲ್ಲಿಸಿದ್ದು. ಮರದವರ ಅಭ್ಯರ್ಥಿ ಹೆಣ್ಣು ನವಿಲು ಸೋಮವ್ವ.

ಮತ ಹಾಕುವ ರೀತಿ ಕೇಳಿ, ಮಕ್ಕಳೇ. ಇಬ್ಬರೂ ಕೆರೆಯ ಕಡೆ ಮುಖ ಮಾಡಿ ಕೂರಬೇಕು. ಎಣಿಕೆ ಮುಗಿಯುವವರೆಗೆ ತಿರುಗುವಂತಿಲ್ಲ. ಮತದಾರರು ತಮಗೆ ಬೇಕಾದವರ ಬೆನ್ನ ಹಿಂದೆ ಬಂದು ನಿಲ್ಲುತ್ತಾರೆ. ಯಾರಿಗೂ ಮುಲಾಜಿಲ್ಲ. ಕೆರೆಯ ಆಮೆಯಜ್ಜ ತಲೆ ಎಣಿಸುತ್ತಾನೆ.

ಮೊದಲ ಸಲ ಕೆಂಚಣ್ಣ ಒಂದೇ ಮತದಿಂದ ಗೆದ್ದ. ಮರುವರ್ಷ ಒಂದೇ ಮತದಿಂದ ಸೋತ. ಆಮೇಲೆ ಮೂರು ಮತದಿಂದ ಗೆದ್ದ. ಪ್ರತಿ ಸಲವೂ ಹೆಚ್ಚು ಅಳಿಲು ಯಾವ ಕಡೆಯೋ ಗೆಲುವು ಆ ಕಡೆ. ಗೆದ್ದಾಗಲೆಲ್ಲ ಅವನು ನೆಟ್ಟಗೆ ಬಂಡೆಗೆ ಓಡಿದ.

ನಾಲ್ಕನೆಯ ಚುನಾವಣೆ ಬಂತು. ಕಾಡಿಗೆ ಕಾಡೇ ಕುದಿಯಿತು! ಗಿಳಿಗಳು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡವು. ಮೊಲಗಳು ಕುಣಿದು ಧೂಳೆಬ್ಬಿಸಿದವು.

ಕೆಂಚಣ್ಣ ಕಾರೆಹಣ್ಣಿನ ಕೊಂಬೆ ಎಳೆದುಕೊಂಡು ಅಳಿಲುಗಳ ಮರಕ್ಕೆ ಹೊರಟ. ಗೌಜಲು ಈರಕ್ಕ ಅಡ್ಡ ಬಂದಳು.

"ಕೆಂಚಣ್ಣ, ನಮ್ಮ ಹುಲ್ಲಿಗೆ ನಾಗರಹಾವು ಬಂದಿದೆ. ಗೂಡಲ್ಲಿ ಮೊಟ್ಟೆ ಇವೆ. ಒಂದು ಗಳಿಗೆ ಬಾರಪ್ಪ!"

"ಪುರುಸೊತ್ತಿಲ್ಲ ಈರಕ್ಕ. ಅಳಿಲುಗಳನ್ನ ನೋಡಬೇಕು."

"ಮೂರು ಸಲವೂ ನಾವು ನಿನ್ನ ಹಿಂದೆ ನಿಂತಿದ್ದೀವಿ."

"ಅದಕ್ಕೇ ಹೇಳೋದು! ನೀವು ನಮ್ಮೋರು. ನೀವೆಲ್ಲಿಗೆ ಹೋಗ್ತೀರಿ? ಚುನಾವಣೆ ಮುಗೀಲಿ, ಬರ್ತೀನಿ."

"ಅಲ್ಲೀವರೆಗೆ ಹಾವು ಕಾಯುತ್ತಾ?"

ಕೆಂಚಣ್ಣ ಆಗಲೇ ಮರದ ಬುಡ ಸೇರಿದ್ದ.

ಈರಕ್ಕ ಬಾಯಿ ಬಡಿದುಕೊಂಡಳು. ಮೇಲಿನ ಕೊಂಬೆಯಿಂದ ಸೋಮವ್ವ ಧೊಪ್ಪನೆ ಇಳಿದಳು.

"ಎಲ್ಲಿದೆ? ತೋರಿಸು!"

ಹಾವು ಗೂಡಿಗೆ ಒಂದು ಮಾರು ದೂರದಲ್ಲಿತ್ತು. ಹೆಡೆ ಎತ್ತಿತು. ಸೋಮವ್ವ ಹಾರಿದಳು, ರೆಕ್ಕೆ ಬಡಿದಳು, ಕುಕ್ಕಿದಳು! ಹಾವು ಬುಸುಗುಟ್ಟಿತು, ನುಣುಚಿಕೊಂಡಿತು, ಮತ್ತೆ ಎರಗಿತು. ಮತ್ತೆ ಕುಕ್ಕಿದಳು! ಕೊನೆಗೆ ಹಾವು ಗುಡ್ಡದಾಚೆ ಹರಿದುಹೋಯಿತು.

"ನಾನು ನಿನಗೆ ಮತ ಹಾಕಿದವಳಲ್ಲ ಸೋಮವ್ವ," ಎಂದಳು ಈರಕ್ಕ, ಮೆಲ್ಲಗೆ.

"ಗೊತ್ತು ಕಣೇ. ಮೊದಲು ಮೊಟ್ಟೆ ಸರಿಯಾಗಿವೆಯಾ ನೋಡು."

ಎಲ್ಲವೂ ಸರಿಯಾಗಿದ್ದವು.

ಚುನಾವಣೆಯ ಬೆಳಿಗ್ಗೆ ಇಬ್ಬರೂ ಕೆರೆಗೆ ಮುಖ ಮಾಡಿ ಕೂತರು. ಹಿಂದೆ ದಡಬಡ ಶುರುವಾಯಿತು. ಕೆಂಚಣ್ಣ ಕಿವಿ ನಿಮಿರಿಸಿದ. ಚಿಕ್ ಚಿಕ್ ಚಿಕ್! ಅಳಿಲುಗಳು! ಎಲ್ಲವೂ ಅವನ ಬೆನ್ನ ಹಿಂದೆಯೇ!

"ಏನವ್ವಾ ಸೋಮವ್ವ, ಕೇಳಿಸ್ತಾ? ಅಳಿಲೆಲ್ಲ ನಮ್ಮ ಕಡೆ. ಇನ್ನು ನಿನ್ನ ಕೊಂಬೆಗೆ ಹೊರಡು!"

"ಎಣಿಸಲಿ ತಡಿಯಪ್ಪ."

ಆಮೆಯಜ್ಜ ಎಣಿಸತೊಡಗಿದ. ಒಂದು ತಲೆ ನೋಡುವುದು, ಒಂದು ಹೆಜ್ಜೆ ಇಡುವುದು. ಮೊಲಗಳು ಕಾಲು ಕುಟ್ಟಿದವು. "ಬೇಗ ಅಜ್ಜಾ, ಬೇಗ!" ಎಂದು ಗಿಳಿಗಳು ಅರಚಿದವು. ಅಜ್ಜ ಕೊನೆಗೂ ಕತ್ತು ಎತ್ತಿದ.

"ಕೆಂಚಣ್ಣನಿಗೆ ನಲವತ್ತು. ಸೋಮವ್ವನಿಗೆ... ನಲವತ್ತೊಂದು!"

ಮರದವರೆಲ್ಲ ಹೋ ಎಂದರು!

ಕೆಂಚಣ್ಣ ಗರ್ರನೆ ತಿರುಗಿದ. ಅಳಿಲುಗಳಿದ್ದವು. ಮೊಲಗಳಿದ್ದವು. ಇಲಿಗಳಿದ್ದವು. ಗೌಜಲು ಒಂದೂ ಇರಲಿಲ್ಲ. ಅವೆಲ್ಲ ಸೋಮವ್ವನ ಹಿಂದೆ ನಿಂತಿದ್ದವು.

"ಈರಕ್ಕಾ! ಮೂರು ಸಲವೂ ನನ್ನ ಹಿಂದೆ ನಿಂತವಳು ನೀನು!"

"ಹೌದು, ನಿಂತಿದ್ದೆ," ಎಂದಳು ಈರಕ್ಕ. "ನೀನು ತಿರುಗಿ ನೋಡಿದ್ದು ಇವತ್ತೇ."

ನೀತಿ: ಸದಾ ಜೊತೆಗಿರುವವರನ್ನು ಕಡೆಗಣಿಸಿದವನು ಹೊಸಬರನ್ನು ಗಳಿಸಿಯೂ ಸೋಲುತ್ತಾನೆ.